ದೈತ್ಯ ಚಿತ್ರಗಳೂ ಮೂಕ ದ್ವೀಪವಾಸಿಗಳೂ

ಕಳೆದ ಮಾಸದ ನಮ್ಮ ಸಂಘದ ಗೋಷ್ಠಿಯಲ್ಲಿ ಮಿತ್ರರೊಬ್ಬರು ಪರದೇಶದ ಚಲಚ್ಚಿತ್ರಗಳನ್ನು ಕುರಿತು ಒಂದು ಲೇಖನವನ್ನೋದಿದರು. ಲೇಖನ ಸೊಗಸಾಗಿತ್ತು, ಕೇಳಿದವರೆಲ್ಲರೂ ಮೆಚ್ಚಿದರು, ನಾವೂ ಮೆಚ್ಚಿದೆವು. ಆದರೆ ಅದರ ಕೊನೆಯಲ್ಲಿ ಬಂದ ಮಾತೊಂದು ಅಂದಿನಿಂದ ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ನಿಂತಿದೆ. ಬೆಟ್ಟದಂತಹ ಪ್ರಾಣಿಗಳು ಕಡಲಿನಿಂದೆದ್ದು ಬಂದು ಪಟ್ಟಣಗಳನ್ನು ತುಳಿದು ಹಾಳುಮಾಡುವ ವೈಜ್ಞಾನಿಕ ಕಲ್ಪನೆಯ ಚಿತ್ರಗಳಿವೆಯಷ್ಟೆ, ಗಾಡ್ಜಿಲಾ, ಕಿಂಗ್ ಕಾಂಗ್ ಮೊದಲಾದುವು. ಇವುಗಳಲ್ಲಿ ಹಿಂದೆ ಬಿಳಿಯ ಗಂಡಸರಿಗೆ ಮಾತ್ರ ಪ್ರಾಧಾನ್ಯವಿತ್ತೆಂದೂ, ಈಗ ಜಪಾನೀಯರು, ಚೀನೀಯರು, ಆಫ್ರಿಕಾ ಮೂಲದವರು, ಹೆಂಗಸರು, ಕಿವುಡರು ಎಲ್ಲರೂ ಪರದೆಯ ಮೇಲೆ ಕಾಣಿಸಿಕೊಳ್ಳುತ್ತಿರುವರೆಂದೂ, ಆದುದರಿಂದ ಪ್ರಾತಿನಿಧ್ಯದ ತಕರಾರು ಇನ್ನು ತೀರಿದಂತೆಯೇ ಎಂದೂ ಅವರು ಸಂತೋಷಪಟ್ಟರು. ಒಡನೆಯೇ ಸಭೆಯ ಹಿಂದಿನ ಸಾಲಿನಿಂದ ಹಿರಿಯರೊಬ್ಬರು, "ಹಲ್ಲಿಯೊಂದು ಊರು ತುಳಿಯುವ ಕಥೆಗೆ ಪ್ರಾತಿನಿಧ್ಯವೇತಕ್ಕೆ ಸ್ವಾಮಿ? ಹಲ್ಲಿಗೆ ಜಾತಿಯುಂಟೆ?" ಎಂದರು. ಎಲ್ಲರೂ ನಕ್ಕರು. ನಾವೂ ನಕ್ಕುಬಿಟ್ಟೆವೆಂಬುದನ್ನು ಒಪ್ಪಿಕೊಳ್ಳುತ್ತೇವೆ. ಮನೆಗೆ ಬಂದ ಮೇಲೆ ನಗೆ ಇಳಿಯಿತು. ಮಿತ್ರರ ತೃಪ್ತಿಯೂ ಹಿರಿಯರ ಹಾಸ್ಯವೂ ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಎರಡರ ಬೇರೂ ಒಂದೇ ಎಂದು ನಮಗೆ ತೋರಿತು. ಅದನ್ನು ಬಿಡಿಸಿ ಹೇಳುವುದೇ ಈ ಬರಹದ ಉದ್ದೇಶ.

ಹಿರಿಯರ ಮಾತನ್ನು ಮೊದಲು ನೋಡೋಣ. ದೈತ್ಯನ ಕಥೆ ನಮಗೆ ಹೊಸದೇ? ಏಕಚಕ್ರ ನಗರದಲ್ಲಿ ಬಕನಿಗೆ ಸರದಿಯ ಪ್ರಕಾರ ಬಂಡಿಯ ತುಂಬ ಅನ್ನ, ಎರಡು ಕೋಣ, ಒಬ್ಬ ಮನುಷ್ಯ ಹೋಗಬೇಕಾಗಿದ್ದುದನ್ನು ನಮ್ಮ ಮನೆಗಳ ಮಕ್ಕಳೆಲ್ಲ ಬಲ್ಲರು. ಆ ಕಥೆಯಲ್ಲಿ ಮನಸ್ಸನ್ನು ಹಿಡಿಯುವುದು ಭೀಮಸೇನನು ಬಕನ ಬೆನ್ನು ಮುರಿದ ಪ್ರಸಂಗವೊಂದೇ ಅಲ್ಲವಷ್ಟೆ. ಸರದಿ ಬಂದ ಆ ಬಡ ಬ್ರಾಹ್ಮಣನ ಮನೆಯೊಳಗೆ ನಡೆದ ಸಂವಾದ! ನಾನು ಹೋಗುತ್ತೇನೆಂದು ಗಂಡ, ನಾನೆಂದು ಹೆಂಡತಿ, ನಾನೆಂದು ಮಗಳು. ಕಡೆಗೆ ಮಾತು ಸರಿಯಾಗಿ ಬಾರದ ಪುಟ್ಟ ಮಗು ಒಂದು ಹುಲ್ಲುಕಡ್ಡಿಯನ್ನು ಹಿಡಿದು, ಇದರಿಂದಲೇ ರಾಕ್ಷಸನನ್ನು ಕೊಲ್ಲುತ್ತೇನೆನ್ನುತ್ತದೆ. ವ್ಯಾಸರು ಕಾಳಗಕ್ಕಿಂತ ಈ ಮನೆಯ ಅಳಲಿಗೇ ಹೆಚ್ಚು ಎಡೆ ಕೊಟ್ಟಿದ್ದಾರೆ. ಆ ಮನೆಯವರನ್ನೆಲ್ಲ ಮೂಕರನ್ನಾಗಿ ಮಾಡಿ, ಬಂಡಿಯನ್ನೂ ಕೋಣಗಳನ್ನೂ ಬಕನ ಕೋರೆದಾಡೆಯನ್ನೂ ಮಾತ್ರ ವರ್ಣಿಸಿದ್ದರೆ ಕಥೆ ಉಳಿಯುತ್ತಿತ್ತೆ? ಹಲ್ಲಿಗೆ ಜಾತಿಯಿಲ್ಲ, ನಿಜ. ತುಳಿತಕ್ಕೆ ಸಿಕ್ಕಿದವರಿಗೆ ಮನೆಯುಂಟು, ಮಾತುಂಟು, ಹೆಸರುಂಟು.

ನಮ್ಮ ಆಲಂಕಾರಿಕರು ಈ ವಿಷಯವನ್ನು ಬಹು ಸೂಕ್ಷ್ಮವಾಗಿ ವಿಂಗಡಿಸಿಟ್ಟಿದ್ದಾರೆ. ಭಯಾನಕ ರಸಕ್ಕೆ ಭಯವು ಸ್ಥಾಯಿ. ಯಾವುದನ್ನು ಕಂಡು ಭಯವುಂಟಾಗುವುದೋ ಅದು ವಿಷಯಾಲಂಬನ. ಯಾರಲ್ಲಿ ಭಯ ಹುಟ್ಟುವುದೋ ಆ ವ್ಯಕ್ತಿ ಆಶ್ರಯ. ಕತ್ತಲೆ, ಕಾಡು, ಗೂಬೆಯ ಕೂಗು, ಪಾಳುಮನೆ ಇತ್ಯಾದಿಗಳು ಉದ್ದೀಪನ ವಿಭಾವಗಳು. ದೈತ್ಯ ಚಿತ್ರಗಳ ಮೇಲೆ ನಮಗಿರುವ ಆಕ್ಷೇಪವನ್ನು ಈ ಪರಿಭಾಷೆಯಲ್ಲಿ ಒಂದೇ ವಾಕ್ಯದಲ್ಲಿ ಹೇಳಬಹುದು: ಕೆಲವು ಜನಾಂಗಗಳಿಗೆ ಮಾತ್ರ ಆಶ್ರಯವಾಗುವ ಹಕ್ಕು ಸಲ್ಲುತ್ತದೆ, ಉಳಿದವರು ಗೂಬೆಯ ಕೂಗಿನ ಸಾಲಿನಲ್ಲಿ ನಿಲ್ಲುತ್ತಾರೆ. ಮುಖ ಪರದೆಯ ಮೇಲೆ ಬಂದ ಮಾತ್ರಕ್ಕೆ ಉದ್ದೀಪನವು ಆಶ್ರಯವಾಗುವುದಿಲ್ಲ.

1933ರ 'ಕಿಂಗ್ ಕಾಂಗ್' ಚಿತ್ರವನ್ನೇ ತೆಗೆದುಕೊಳ್ಳಬಹುದು. ಮೆರಿಯನ್ ಕೂಪರ್, ಅರ್ನೆಸ್ಟ್ ಷೂಡ್‌ಸ್ಯಾಕ್ ಎಂಬಿಬ್ಬರು ನಿರ್ದೇಶಿಸಿದ ಆ ಚಿತ್ರದಲ್ಲಿ ವಿಲಿಸ್ ಓ'ಬ್ರಿಯನ್ ಎಂಬ ಶಿಲ್ಪಿಯು ಸಣ್ಣ ಬೊಂಬೆಯೊಂದಕ್ಕೆ ಜೀವ ತುಂಬಿದ ಕೌಶಲವನ್ನು ಯಾರೂ ಅಲ್ಲಗಳೆಯಲಾರರು. ಆ ಬೊಂಬೆಗೆ ಕೋಪವುಂಟು, ಕುತೂಹಲವುಂಟು, ಪ್ರೇಮದಂತಹುದೂ ಉಂಟು. ಆದರೆ ಅವನ ದ್ವೀಪದ ಜನರಿಗೆ? ಆ ದ್ವೀಪವು ಸುಮಾತ್ರದ ಪಶ್ಚಿಮಕ್ಕಿದೆಯೆಂದು ಚಿತ್ರವೇ ಹೇಳುತ್ತದೆ. ಅಲ್ಲಿಯವರ ನುಡಿ ನಿಯಾಸ್ ದ್ವೀಪದ ಭಾಷೆಯನ್ನು ಹೋಲುತ್ತದೆಂದು ಹಡಗಿನ ಕಪ್ತಾನನು ಕಿವಿಗೊಟ್ಟು ಕೇಳಿ ಹೇಳುತ್ತಾನೆ. ನಿಯಾಸ್ ಎಂಬುದು ಕಲ್ಪನೆಯ ನೆಲವಲ್ಲ. ಅಲ್ಲಿ ಇಂದಿಗೂ ಜನರು ಬಾಳುತ್ತಿದ್ದಾರೆ. ಪರದೆಯ ಮೇಲೆ ಬಂದವರು ಮಾತ್ರ ಅಮೆರಿಕಾದ ಕರಿಯ ನಟರು. ಅವರ ಬಾಯಿಂದ ಬಂದದ್ದು ಹೊಸೆದು ಮಾಡಿದ ನುಡಿ. ಪೂರ್ವ ಸಮುದ್ರದ ದ್ವೀಪವಾಸಿಗೂ ಆಫ್ರಿಕಾ ಮೂಲದ ಅಮೆರಿಕನನಿಗೂ ಭೇದವೇಕೆ, ಇಬ್ಬರೂ 'ಕಾಡಿನವರೇ' ಎಂಬುದು ನಿರ್ಮಾಪಕರ ಲೆಕ್ಕವಾಗಿದ್ದಿರಬೇಕು. ದ್ವೀಪದ ನಾಯಕನ ವೇಷ ಹಾಕಿದ ನೋಬಲ್ ಜಾನ್ಸನ್ ಎಂಬ ನಟನು ಸಾಮಾನ್ಯನಲ್ಲ. 1916ರಲ್ಲಿಯೇ ತನ್ನ ಸೋದರನೊಡನೆ ಲಿಂಕನ್ ಮೋಷನ್ ಪಿಕ್ಚರ್ ಕಂಪನಿಯನ್ನು ಕಟ್ಟಿ, ತನ್ನ ಜನರ ಬಾಳನ್ನು ಗೌರವದಿಂದ ಚಿತ್ರಿಸಲು ಹೊರಟವನು ಅವನು. ಅಂತಹವನಿಗೆ 1933ರಲ್ಲಿ ಸಿಕ್ಕಿದ ಕೆಲಸವಾವುದು? ಗರಿಯ ಕಿರೀಟವನ್ನಿಟ್ಟು, ಒಬ್ಬ ಬಿಳಿಯ ಹೆಣ್ಣಿಗೆ ಬದಲಾಗಿ ತನ್ನ ಕಡೆಯ ಆರು ಮಂದಿ ಹೆಂಗಸರನ್ನು ಕೊಡುತ್ತೇನೆಂದು ಚೌಕಾಸಿ ಮಾಡುವುದು! ಆ ಆರು ಮಂದಿಯಲ್ಲಿ ಒಬ್ಬಳಿಗಾದರೂ ಹೆಸರಿಲ್ಲ. ಬಿಳಿಯ ಹೆಣ್ಣಿಗೆ ಹೆಸರಿದೆ. ಆದರೆ ಚಿತ್ರದ ಅರ್ಧದುದ್ದಕ್ಕೂ ಅವಳಿಗೆ ಒಪ್ಪಿಸಿದ ಕಾರ್ಯ ಚೀರುವುದು. ಫೇ ರೇ ಎಂಬ ಆ ನಟಿಯ ಚೀತ್ಕಾರವೇ ಜಗತ್ಪ್ರಸಿದ್ಧವಾಯಿತು.

ಇದು ಹಳೆಯ ಕಾಲದ ಮಾತು, ಬಿಡಿ, ಎನ್ನುವವರುಂಟು. ಒಳ್ಳೆಯದು, ಬಿಡೋಣ. ಜಪಾನಿಗೆ ಹೋಗೋಣ, ನಮ್ಮ ವಾದದ ಮರ್ಮ ಅಲ್ಲಿದೆ.

1954ನೆಯ ಇಸವಿ ಮಾರ್ಚಿ 1ನೆಯ ತಾರೀಖು ಅಮೆರಿಕಾ ಸರಕಾರವು ಮಾರ್ಷಲ್ ದ್ವೀಪಸ್ತೋಮದ ಬಿಕಿನಿಯಲ್ಲಿ 15 ಮೆಗಾಟನ್ ಶಕ್ತಿಯ ಜಲಜನಕ ಬಾಂಬೊಂದನ್ನು ಸಿಡಿಸಿತು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ದೋಣಿಯೊಂದರ ಮೇಲೆ ಬಿಳಿಯ ಬೂದಿ ಸುರಿಯಿತು. ದೋಣಿಯ ಹೆಸರು, ಎಂತಹ ವಿಧಿವಿಲಾಸ, 'ಭಾಗ್ಯದ ನಾಗ' ಎಂಬರ್ಥದ್ದು. ಅದರಲ್ಲಿದ್ದ 23 ಮಂದಿಯೂ ವಿಕಿರಣದಿಂದ ಕಾಯಿಲೆಬಿದ್ದರು. ದೋಣಿಯ ರೇಡಿಯೋ ನೋಡಿಕೊಳ್ಳುತ್ತಿದ್ದ ಕುಬೋಯಾಮಾ ಎಂಬಾತನು ಸೆಪ್ಟೆಂಬರ್ 23ರಂದು ತೀರಿಕೊಂಡನು. ಅದಾಗಿ ಆರು ವಾರ ಕಳೆಯುವುದರೊಳಗೆ, ನವೆಂಬರ್ 3ರಂದು, ಇಷಿರೋ ಹೋಂಡಾ ನಿರ್ದೇಶಿಸಿದ 'ಗೊಜಿರಾ' ಜಪಾನಿನ ಚಿತ್ರಮಂದಿರಗಳಿಗೆ ಬಂದಿತು. ಚಿತ್ರದ ಮೊದಲ ದೃಶ್ಯವೇ ಕಡಲಿನ ಮೇಲೊಂದು ಹಡಗು, ಕಣ್ಣು ಕುಕ್ಕುವ ಬೆಳಕು, ಬೆಂಕಿ. ಜಪಾನಿನ ಪ್ರೇಕ್ಷಕನಿಗೆ ಇದಕ್ಕೆ ವ್ಯಾಖ್ಯಾನ ಬೇಕಾಗಿರಲಿಲ್ಲ.

ಈ ಚಿತ್ರದಲ್ಲಿ ದೈತ್ಯನನ್ನು ನೋಡುವವರೆಷ್ಟು ಜನ, ಹೇಗೆ ಮಾತನಾಡುತ್ತಾರೆ! ಹಡಗು ಮುಳುಗಿದ ಸುದ್ದಿ ಕೇಳಿ ಕಚೇರಿಯ ಮುಂದೆ ನೆರೆದ ನಾವಿಕರ ಮನೆಯವರು. ಹಿಂದಿನ ಕಾಲದ ಬಲಿಯ ಕಥೆ ಹೇಳುವ ದ್ವೀಪದ ಮುದುಕ. ಶಾಸನಸಭೆಯ ಸಮಿತಿಯಲ್ಲಿ ಸತ್ಯವನ್ನು ಮುಚ್ಚಿಡಬೇಕೆನ್ನುವ ಗಂಡಸರು, ಕೂಡದು, ಪ್ರಕಟಿಸಿರೆಂದು ಗಟ್ಟಿದನಿಯಲ್ಲಿ ತಗಾದೆಮಾಡುವ ಹೆಂಗಸರು. ರೈಲಿನಲ್ಲಿ ಕೆಲಸಕ್ಕೆ ಹೋಗುತ್ತಿರುವ ಹೆಣ್ಣುಮಗಳೊಬ್ಬಳು, ನಾಗಸಾಕಿಯಲ್ಲಿ ಹೇಗೋ ಬದುಕಿ ಬಂದ ಜೀವಕ್ಕೆ ಇದೊಂದು ಬಂತಲ್ಲಾ ಎಂಬ ಭಾವದ ಮಾತೊಂದನ್ನು, ಅಕ್ಕಿಯ ಬೆಲೆ ಏರಿತಲ್ಲಾ ಎಂಬಷ್ಟು ಸಹಜವಾಗಿ ಆಡಿಬಿಡುತ್ತಾಳೆ. ಉರಿಯುವ ಬೀದಿಯ ಬದಿಯಲ್ಲಿ ಮಕ್ಕಳನ್ನು ಅಪ್ಪಿ ಕುಳಿತ ವಿಧವೆಯೊಬ್ಬಳು, ಇನ್ನೇನು ನಿಮ್ಮ ತಂದೆಯ ಬಳಿಗೆ ಹೋಗಿಬಿಡುವೆವೆಂದು ಸಂತೈಸುತ್ತಾಳೆ. ಬಕನ ಸರದಿಯ ಮನೆ ಇಲ್ಲಿದೆ, ನೋಡಿ! ಎಮಿಕೋ ಎಂಬ ಯುವತಿಯು ವಿಜ್ಞಾನಿ ಸೆರಿಜಾವಾನಿಗೆ ಕೊಟ್ಟ ರಹಸ್ಯದ ಮಾತನ್ನು, ಆಸ್ಪತ್ರೆಯಲ್ಲಿ ನರಳುವವರನ್ನು ಕಂಡ ಮೇಲೆ ಮುರಿಯುತ್ತಾಳೆ. ಕಥೆ ತಿರುಗುವುದು ಅವಳ ಆ ನಿರ್ಧಾರದಿಂದ. ಅವಳು ಚೀರುವುದಕ್ಕಾಗಿ ಹುಟ್ಟಿದವಳಲ್ಲ. ಸೆರಿಜಾವಾನಾದರೋ, ತಾನು ಕಂಡುಹಿಡಿದ ವಿನಾಶಕ ಸಾಧನವು ಮುಂದೆ ರಾಜ್ಯಾಧಿಪತಿಗಳ ಕೈಗೆ ಬೀಳಬಾರದೆಂದು ಕಾಗದಪತ್ರಗಳನ್ನೆಲ್ಲ ಸುಟ್ಟು, ದೈತ್ಯನೊಡನೆ ತಾನೂ ಸಮುದ್ರದ ತಳದಲ್ಲಿಯೇ ಪ್ರಾಣ ಬಿಡುತ್ತಾನೆ.

ಇನ್ನು 1956ಕ್ಕೆ ಬರೋಣ. ಇದೇ ಚಿತ್ರವನ್ನು ಅಮೆರಿಕಾದ ವ್ಯಾಪಾರಿಗಳು ಕೊಂಡರು. 96 ನಿಮಿಷಗಳ ಚಿತ್ರವನ್ನು 80 ನಿಮಿಷಗಳಿಗೆ ಕತ್ತರಿಸಿದರು. ಆ 80ರಲ್ಲಿಯೂ ಹೊಸ ದೃಶ್ಯಗಳನ್ನು ತುರುಕಿದರು. ರೇಮಂಡ್ ಬರ್ ಎಂಬ ನಟನು ಸ್ಟೀವ್ ಮಾರ್ಟಿನ್ ಎಂಬ ಅಮೆರಿಕನ್ ಪತ್ರಿಕಾ ಬಾತ್ಮೀದಾರನಾಗಿ ಟೋಕಿಯೋಗೆ ಬಂದಿಳಿದು, ಕಿಟಕಿಗಳಲ್ಲಿ, ಬಾಗಿಲುಗಳಲ್ಲಿ, ಗುಂಪಿನ ಅಂಚಿನಲ್ಲಿ ನಿಂತು ಎಲ್ಲವನ್ನೂ ನೋಡುತ್ತಾನೆ, ನಮಗೆ ವಿವರಿಸುತ್ತಾನೆ. ಮೂಲಚಿತ್ರದ ನಟರೊಡನೆ ಅವನು ಮಾತನಾಡುವಂತೆ ತೋರಿಸಲು, ಅಮೆರಿಕಾದಲ್ಲಿ ಹುಡುಕಿ ತಂದ ಬದಲಿ ಜನರನ್ನು ಬೆನ್ನು ತಿರುಗಿಸಿ ನಿಲ್ಲಿಸಿದರು. ಎಮಿಕೋಳ ಬೆನ್ನು, ಸೆರಿಜಾವಾನ ಬೆನ್ನು! ಮಾತುಗಳಿಗೆ ಬೆರಳೆಣಿಕೆಯ ಜನರು ಧ್ವನಿ ಕೊಟ್ಟರು. ಜೇಮ್ಸ್ ಹಾಂಗ್ ಎಂಬೊಬ್ಬನೇ ಹಲವು ಪಾತ್ರಗಳ ಬಾಯಾದನು. ಬಾಂಬಿನ ಹೆಸರನ್ನೇ ಪೂರಾ ಅಳಿಸಿದರೆಂದು ಹೇಳುವುದು ಅನ್ಯಾಯವಾದೀತು; ದೈತ್ಯನು ಎದ್ದುದು ಬಾಂಬಿನ ಪರೀಕ್ಷೆಯಿಂದಲೇ ಎಂಬ ಮಾತು ಅಲ್ಲಿಯೂ ಉಳಿದಿದೆ. ಅಳಿದುಹೋದುದು ಬೇರೆ. ರೈಲಿನ ಹೆಣ್ಣುಮಗಳ ನಾಗಸಾಕಿಯ ಮಾತು ಹೋಯಿತು. ಪರೀಕ್ಷೆಗಳು ನಿಲ್ಲದಿದ್ದರೆ ಇಂತಹುದು ಇನ್ನೊಂದು ಎದ್ದುಬಂದೀತೆಂದು ವೃದ್ಧ ವಿಜ್ಞಾನಿ ಯಮಾನೆ ಕೊನೆಯಲ್ಲಿ ಕೊಡುವ ಎಚ್ಚರಿಕೆ ಹೋಯಿತು. ಆ ಸ್ಥಳದಲ್ಲಿ, ಪೀಡೆ ತೊಲಗಿತು, ಲೋಕ ಇನ್ನು ನಿಶ್ಚಿಂತೆಯಾಗಿ ಬಾಳಬಹುದೆಂದು ಅಮೆರಿಕನ್ ಬಾತ್ಮೀದಾರನು ಭರತವಾಕ್ಯ ನುಡಿಯುತ್ತಾನೆ. ಸುಟ್ಟವನೇ ಸುಟ್ಟಗಾಯಕ್ಕೆ ವ್ಯಾಖ್ಯಾನ ಬರೆದಂತಾಯಿತು. ಹೋಂಡಾನ ಮೂಲಚಿತ್ರವು ಅಮೆರಿಕಾದ ಚಿತ್ರಮಂದಿರಗಳಲ್ಲಿ ವ್ಯಾಪಕವಾಗಿ ತೆರೆಕಂಡುದು 2004ರಲ್ಲಿ. ಐವತ್ತು ವರ್ಷ!

ಈಗ ನಮ್ಮ ಮಿತ್ರರ ಗಣಿತವನ್ನು ಈ ಎರಡು ಪ್ರತಿಗಳಿಗೆ ಹಚ್ಚಿ ನೋಡಬೇಕೆಂದು ವಾಚಕರನ್ನು ಬೇಡುತ್ತೇವೆ. 1954ರ ಮೂಲದಲ್ಲಿರುವವರೆಲ್ಲರೂ ಜಪಾನೀಯರು, ಒಂದೇ ಜನಾಂಗ, ಒಂದೇ ಭಾಷೆ, ವೈವಿಧ್ಯಕ್ಕೆ ಸೊನ್ನೆ. 1956ರ ಪ್ರತಿಯಲ್ಲಿ ಜಪಾನೀಯರೂ ಇದ್ದಾರೆ, ಅಮೆರಿಕನನೂ ಇದ್ದಾನೆ, ಅಮೆರಿಕಾದಲ್ಲಿ ನೆಲಸಿದ ಪೂರ್ವದೇಶದವರ ಬೆನ್ನುಗಳೂ ಧ್ವನಿಗಳೂ ಇವೆ. ತಲೆಯೆಣಿಕೆಯ ಪ್ರಕಾರ ಕತ್ತರಿಸಿದ ಪ್ರತಿಯೇ ಹೆಚ್ಚು ಉದಾರವಾದುದು! ಯಾವ ಅಳತೆಗೋಲು ಇಂತಹ ಫಲವನ್ನು ಕೊಡುವುದೋ ಆ ಅಳತೆಗೋಲನ್ನು ಒಲೆಗೆ ಹಾಕುವುದು ಮೇಲು.

ಇಷ್ಟಾದರೂ ಜಪಾನೀಯರಿಗೆ ಒಂದು ಚಿತ್ರೋದ್ಯಮವಿತ್ತು. ತಮ್ಮ ಸಂಕಟವನ್ನು ತಾವೇ ಹೇಳಿಕೊಂಡರು. ಮಾರ್ಚಿ 1ರ ಅದೇ ಬಾಂಬಿನ ಬೂದಿ ಮೊದಲು ಯಾರ ಮೇಲೆ ಬಿತ್ತು? ಇಡೀ ವಿವಾದದಲ್ಲಿ ಯಾರೂ ಕೇಳದ ಪ್ರಶ್ನೆ ಇದು. ನಮ್ಮ ಗೋಷ್ಠಿಯಲ್ಲಿಯೂ ಯಾರೂ ಕೇಳಲಿಲ್ಲ. 1946ರಲ್ಲಿ ಪರೀಕ್ಷೆಗಳಿಗಾಗಿ ಅಮೆರಿಕಾ ನೌಕಾದಳವು ಬಿಕಿನಿಯ 167 ಮಂದಿ ನಿವಾಸಿಗಳನ್ನು ಮನೆಬಿಡಿಸಿ ರೊಂಗೆರಿಕ್ ಎಂಬ ಬರಡು ದ್ವೀಪಕ್ಕೆ ಸಾಗಿಸಿತು. ಅಲ್ಲಿ ಅವರು ಹಸಿವಿನಿಂದ ಸೊರಗಿದರು. 1946ರಿಂದ 1958ರ ವರೆಗೆ ಮಾರ್ಷಲ್ ದ್ವೀಪಗಳಲ್ಲಿ ಸಿಡಿದುವು 67 ಬಾಂಬುಗಳು. 1954ರಲ್ಲಿ ನೆರೆಯ ರೊಂಗೆಲಾಪಿನಲ್ಲಿ ಆಕಾಶದಿಂದ ಉದುರಿದ ಬಿಳಿಯ ಪುಡಿಯಲ್ಲಿ ಮಕ್ಕಳು ಆಟವಾಡಿದರು. ಅವರನ್ನು ಅಲ್ಲಿಂದ ಸಾಗಿಸಿದುದು ಸುಮಾರು ಎರಡು ದಿನಗಳಾದ ಮೇಲೆ. 1957ರಲ್ಲಿ, ಭಯವಿಲ್ಲವೆಂದು ಹೇಳಿ, ಅವರನ್ನು ಮರಳಿ ಅಲ್ಲಿಗೇ ಕಳುಹಿಸಿದರು; 1985ರಲ್ಲಿ ಆ ಜನರು ತಮ್ಮ ಮಕ್ಕಳ ಆರೋಗ್ಯಕ್ಕೆ ಹೆದರಿ, 'ರೈನ್‌ಬೋ ವಾರಿಯರ್' ಎಂಬ ಹಡಗಿನ ನೆರವಿನಿಂದ ತಾವಾಗಿಯೇ ತಮ್ಮ ನೆಲವನ್ನು ತೊರೆದರು. ಬಿಕಿನಿಯವರಲ್ಲಿ ಕೆಲವರು ಮರಳಿ ಹೋಗಿ, 1978ರಲ್ಲಿ ಮತ್ತೆ ಹೊರಡಬೇಕಾಯಿತು.

ಗಾಡ್ಜಿಲಾ ಹುಟ್ಟಿದ ನೀರು ಇದು. ಆ ದೈತ್ಯನ ಮೇಲೆ ಈಗ ಮೂವತ್ತಕ್ಕೂ ಮಿಕ್ಕಿ ಚಿತ್ರಗಳು ಬಂದಿವೆ. ನಾವು ನೋಡಿದವುಗಳಲ್ಲಿ ಒಂದರಲ್ಲಾದರೂ ಹೆಸರುಳ್ಳ, ಬಾಯುಳ್ಳ ಒಬ್ಬ ಮಾರ್ಷಲ್ ದ್ವೀಪದವನನ್ನು ಕಾಣೆವು. 1991ರ ಜಪಾನೀ ಚಿತ್ರವೊಂದರಲ್ಲಿ 1944ರ ಯುದ್ಧಕಾಲದ ಮಾರ್ಷಲ್ ದ್ವೀಪಗಳಿಗೇ ಕಥೆ ಹೋಗುತ್ತದೆ. ಅಲ್ಲಿ ಜಪಾನೀ ಸೈನಿಕರುಂಟು, ಅಮೆರಿಕನ್ ಸೈನಿಕರುಂಟು, ಅವರ ನಡುವೆ ಒಂದು ಪುರಾತನ ಮಹಾಪ್ರಾಣಿಯೂ ಉಂಟು. ನೆಲದವರ ಸೊಲ್ಲಿಲ್ಲ. 1914ರಿಂದ ಆ ದ್ವೀಪಗಳನ್ನು ಆಳಿದವರು ಜಪಾನೀಯರೇ ಎಂಬುದನ್ನು ನೆನೆದರೆ ಈ ಮರೆವು ಇನ್ನಷ್ಟು ವಿಚಿತ್ರವೆನಿಸುತ್ತದೆ.

ಜಪಾನೀಯರನ್ನು ಹೊಗಳಿದ ಲೇಖನಿಯಿಂದಲೇ ಅವರ ತಪ್ಪನ್ನೂ ಬರೆಯಬೇಕಾಗಿದೆ. 1962ರಲ್ಲಿ ಅದೇ ಹೋಂಡಾ ತೆಗೆದ, ಕಾಂಗ್ ಮತ್ತು ಗಾಡ್ಜಿಲಾ ಕಾದಾಡುವ ಚಿತ್ರದಲ್ಲಿ ಫಾರೋ ಎಂಬ ಕಲ್ಪಿತ ದ್ವೀಪದ ಜನರಾಗಿ ಬಂದವರು ಮೈಗೆ ಕಂದುಬಣ್ಣ ಬಳಿದುಕೊಂಡ ಜಪಾನೀ ನಟರು. ಬಂದ ಅತಿಥಿಗಳು ಅವರಿಗೆ ಒಂದು ರೇಡಿಯೋ ಪೆಟ್ಟಿಗೆಯನ್ನೂ ಸಿಗರೇಟುಗಳನ್ನೂ ಕೊಟ್ಟು ಒಲಿಸಿಕೊಳ್ಳುತ್ತಾರೆ. ಚಿಕ್ಕ ಹುಡುಗನಿಗೂ ಒಂದು ಸಿಗರೇಟು! 1933ರಲ್ಲಿ ಅಮೆರಿಕನರು ನಿಯಾಸಿನವರಿಗೆ ಮಾಡಿದ್ದನ್ನು 1962ರಲ್ಲಿ ಜಪಾನೀಯರು ದಕ್ಷಿಣ ಸಮುದ್ರದವರಿಗೆ ಮಾಡಿದರು. ತಾನು ಪೆಟ್ಟು ತಿಂದವನು ಇನ್ನೊಬ್ಬನ ಪೆಟ್ಟನ್ನು ತಾನಾಗಿಯೇ ಅರಿಯುವನೆಂದು ನಂಬುವುದಕ್ಕಿಲ್ಲ. ಆದರೆ 1964ರಲ್ಲಿ ಅದೇ ನಿರ್ದೇಶಕನು ಮಾತ್ರಾ ಎಂಬ ಮಹಾಪತಂಗವನ್ನು ಗಾಡ್ಜಿಲಾನ ಎದುರು ನಿಲ್ಲಿಸಿದ ಚಿತ್ರದಲ್ಲಿ ಒಂದು ಅಪೂರ್ವ ಪ್ರಸಂಗವಿದೆ. ಜಪಾನಿನವರು ಸಹಾಯ ಬೇಡಿಕೊಂಡು, ಪರಮಾಣು ಪರೀಕ್ಷೆಯಿಂದ ಸುಟ್ಟುಹೋದ ದ್ವೀಪವೊಂದಕ್ಕೆ ಹೋಗುತ್ತಾರೆ. ದ್ವೀಪದ ಮುಖ್ಯಸ್ಥನು, ನಮ್ಮ ನೆಲವನ್ನು ಹಾಳುಮಾಡಿದವರು ಹೊರಗಿನವರಾದ ನೀವೇ. ನಿಮಗೇಕೆ ನೆರವಾಗಬೇಕು, ಎಂಬರ್ಥದಲ್ಲಿ ಖಂಡತುಂಡವಾಗಿ ನಿರಾಕರಿಸುತ್ತಾನೆ. ಮೈಗೆ ಬಳಿದ ಬಣ್ಣ ಅಲ್ಲಿಯೂ ಬಣ್ಣವೇ. ಆದರೂ ದ್ವೀಪವಾಸಿಯೊಬ್ಬನು 'ಇಲ್ಲ' ಎಂದದ್ದು ಕೇಳಿಸಿತು. ಅಷ್ಟು ಹೊತ್ತು ಅವನು ಆಶ್ರಯವಾಗಿದ್ದನು.

ಈಚಿನ ಅಮೆರಿಕನ್ ಚಿತ್ರಗಳಲ್ಲಿ ಏನಾಯಿತು? ನಮ್ಮ ಮಿತ್ರರು ಮೆಚ್ಚಿದುವು ಇವೇ. 1998ರ ಚಿತ್ರದಲ್ಲಿ ದೈತ್ಯನ ಜನ್ಮಕ್ಕೆ ಕಾರಣ ಫ್ರಾನ್ಸ್ ದೇಶವು ಪಾಲಿನೀಷಿಯಾದಲ್ಲಿ ಮಾಡಿದ ಪರೀಕ್ಷೆ. ಅಪರಾಧವನ್ನು ನೆರೆಮನೆಯ ಹಿತ್ತಿಲಿಗೆ ಎಸೆದಂತಾಯಿತು. 2014ರ ಚಿತ್ರ ಅದಕ್ಕಿಂತ ಮುಂದೆ ಹೋಯಿತು. 1954ರಲ್ಲಿ ಬಿಕಿನಿಯಲ್ಲಿ ಸಿಡಿದದ್ದು ಪರೀಕ್ಷೆಯೇ ಆಗಿರಲಿಲ್ಲವಂತೆ. ಲೋಕವನ್ನು ದೈತ್ಯನಿಂದ ಕಾಪಾಡಲು ಮಾಡಿದ ಪ್ರಯತ್ನವಂತೆ! ಕಟ್ಟುಕಥೆಯಲ್ಲಿ ಏನನ್ನು ಬೇಕಾದರೂ ಕಟ್ಟಬಹುದೆಂದು ನಾವೂ ಬಲ್ಲೆವು. ಆದರೆ ಬೂದಿಯಲ್ಲಿ ಆಡಿದ ಮಕ್ಕಳಲ್ಲಿ ಕೆಲವರಾದರೂ ಇನ್ನೂ ಬದುಕಿರಬಹುದಾದ ಕಾಲದಲ್ಲಿ, ಆ ಬಾಂಬನ್ನು ಲೋಕರಕ್ಷಣೆಯ ಕಾರ್ಯವನ್ನಾಗಿ ತಿದ್ದುವುದು ಎಂತಹ ಕಲ್ಪನೆ? ಈ ಚಿತ್ರದಲ್ಲಿ ಕೆನ್ ವಾಟಾನಾಬೆ ಎಂಬ ಪ್ರಸಿದ್ಧ ನಟನು ಇಷಿರೋ ಸೆರಿಜಾವಾ ಎಂಬ ವಿಜ್ಞಾನಿಯಾಗಿದ್ದಾನೆ. ಹಳೆಯ ನಿರ್ದೇಶಕನ ಹೆಸರನ್ನೂ ಹಳೆಯ ವಿಜ್ಞಾನಿಯ ಹೆಸರನ್ನೂ ಕೂಡಿಸಿ ಗೌರವ ತೋರಿಸಿದ್ದಾರೆ. ಹಿರೋಷಿಮಾದ ದಿನ 8 ಗಂಟೆ 15 ನಿಮಿಷಕ್ಕೆ ನಿಂತುಹೋದ ತಂದೆಯ ಗಡಿಯಾರವನ್ನು ಅವನು ನೌಕಾಧಿಪತಿಗೆ ತೋರಿಸುತ್ತಾನೆ. ಮಾತು ನಾಲ್ಕಾರು. ಆ ಬಳಿಕ ಬಾಂಬಿನ ಸನ್ನಾಹ ಎಂದಿನಂತೆ ಮುಂದುವರಿಯುತ್ತದೆ.

2019ರ ಚಿತ್ರದಲ್ಲಿ ಜಪಾನೀ ನಟನುಂಟು, ಚೀನಾದ ಜಾಂಗ್ ಜೀಯೀ ಉಂಟು, ಆಫ್ರಿಕಾ ಮೂಲದವರುಂಟು, ಹೆಂಗಸರಿಗೂ ದೊಡ್ಡ ಪಾತ್ರಗಳುಂಟು. ಮಿತ್ರರ ಪಟ್ಟಿಯಲ್ಲಿ ಇದಕ್ಕೆ ಪೂರ್ಣಾಂಕ. ಕಥೆಯಲ್ಲಿ ದಣಿದು ಬಿದ್ದ ಗಾಡ್ಜಿಲಾನಿಗೆ ಬಲ ಬರಬೇಕಾಗಿದೆ. ಅದಕ್ಕೆ ಅವನ ಮಗ್ಗುಲಲ್ಲಿ ಒಂದು ಪರಮಾಣು ಬಾಂಬನ್ನು ಸಿಡಿಸಬೇಕಾಗಿದೆ. ಅದನ್ನು ಒಯ್ದು ಸಿಡಿಸಿ ತಾನೂ ಸಾಯುವವನು ಯಾರು? ಇದೇ ಸೆರಿಜಾವಾ. ಹಿರೋಷಿಮಾದ ಗಡಿಯಾರವನ್ನು ಜೇಬಿನಲ್ಲಿಟ್ಟುಕೊಂಡು ಬಂದವನು! 1954ರ ಸೆರಿಜಾವಾ ಒಂದು ಮಾರಕಾಸ್ತ್ರವು ಲೋಕದ ಕೈಗೆ ಸಿಗದಿರಲೆಂದು ಸತ್ತನು. 2019ರ ಸೆರಿಜಾವಾ ಲೋಕದ ಕೈಯಲ್ಲಿರುವ ಮಾರಕಾಸ್ತ್ರವನ್ನು ಮಂಗಳಕರವೆಂದು ತೋರಿಸುವುದಕ್ಕಾಗಿ ಸತ್ತನು. ಮುಖ ಜಪಾನಿನದು, ಹೆಸರು ಜಪಾನಿನದು, ನಟನೂ ನಿಜವಾದ ಜಪಾನೀಯನೇ, ಸಮರ್ಥನೇ. ಅರ್ಥ ಮಾತ್ರ ತಲೆಕೆಳಗಾಗಿದೆ. 1956ರಲ್ಲಿ ಬಿಳಿಯನೊಬ್ಬನನ್ನು ಮುಂದೆ ನಿಲ್ಲಿಸಿ ಮಾಡಿದ ಕಾರ್ಯವನ್ನು 2019ರಲ್ಲಿ ಜಪಾನೀಯನ ಕೈಯಿಂದಲೇ ಮಾಡಿಸಿದರು. ಹಳೆಯ ಅಪಚಾರವನ್ನು ಕತ್ತರಿಯ ಗುರುತಿನಿಂದ ಕಂಡುಹಿಡಿಯಬಹುದಾಗಿತ್ತು. ಇದಕ್ಕೆ ಗುರುತೇ ಇಲ್ಲ.

ಕಾಂಗನ ದ್ವೀಪದ ಕಥೆಯೂ ಹೀಗೆಯೇ. ಹಳೆಯ ನರಬಲಿಯ ಚಿತ್ರಣವು ನಾಚಿಕೆಗೇಡೆಂದು 2017ರ ಚಿತ್ರದವರು ತಿಳಿದುಕೊಂಡರು, ಅದು ಸ್ತುತ್ಯವೇ. ಅದರಲ್ಲಿಯ ಈವಿ ಎಂಬ ಜನರು ಶಾಂತರು, ಗಂಭೀರರು. ಹಾಗಾದರೆ ಅವರು ಏನು ಹೇಳುತ್ತಾರೆ? ಏನೂ ಇಲ್ಲ. ಅವರ ಪರವಾಗಿ ಅಲ್ಲಿ ಸಿಕ್ಕಿಬಿದ್ದು ಮುದುಕನಾದ ಅಮೆರಿಕನ್ ವೈಮಾನಿಕನೊಬ್ಬನು ಮಾತನಾಡುತ್ತಾನೆ, ತಮಾಷೆಯಾಗಿ, ಬಾಯಿತುಂಬ. ಕಾಡಿನವರೆಂಬ ಕಳಂಕವನ್ನು ತೊಳೆಯಲು ಹೋಗಿ ನಾಲಗೆಯನ್ನೂ ತೊಳೆದುಬಿಟ್ಟರು. 2021ರ ಮುಂದಿನ ಚಿತ್ರದಲ್ಲಿ ಆ ಜನರೆಲ್ಲರೂ ಬಿರುಗಾಳಿಗೆ ಸಿಕ್ಕಿ ಸತ್ತರೆಂದು ಹೇಳಿ ಒಬ್ಬ ಹುಡುಗಿಯನ್ನು ಮಾತ್ರ ಉಳಿಸಿದರು. ಜಿಯಾ ಎಂಬ ಆ ಹುಡುಗಿ ಕಿವುಡಿ; ಪಾತ್ರ ವಹಿಸಿದ ಬಾಲೆಯೂ ನಿಜವಾಗಿ ಕಿವುಡಿಯೇ. ನ್ಯಾಯವಾಗಿ ಒಂದು ಮಾತು ಹೇಳಲೇಬೇಕು: ಕಾಂಗನು ದೊಡ್ಡವರಿಗೆಲ್ಲ ಮರೆಮಾಡಿ ಆ ಹುಡುಗಿಯೊಡನೆ ಮಾತ್ರ ಕೈಸನ್ನೆಯ ಭಾಷೆಯಲ್ಲಿ ಮಾತನಾಡುವುದು ಈ ಸಾಲಿನ ಚಿತ್ರಗಳಲ್ಲಿ ನಮ್ಮ ಮನಸ್ಸನ್ನು ನಿಜವಾಗಿ ಕರಗಿಸಿದ ಪ್ರಸಂಗ. ಕಿವುಡುತನವು ಅಲ್ಲಿ ಅಲಂಕಾರವಲ್ಲ, ಕಥೆಯ ಕೀಲಿ. ಕೇಳಿಸಿಕೊಳ್ಳುವವರಿಗೆ ತಿಳಿಯದುದು ಕೇಳದವಳಿಗೆ ತಿಳಿಯಿತು. ಅದೇ ಹುಡುಗಿಯ ಜನರನ್ನು 2024ರ ಚಿತ್ರದಲ್ಲಿ ಭೂಮಿಯ ಒಡಲಿನಲ್ಲಿ ಮತ್ತೆ ಕಂಡುಹಿಡಿಯುತ್ತಾರೆ. ಸಂತೋಷ! ಆದರೆ ಅವರು ಮನಸ್ಸಿನಿಂದ ಮನಸ್ಸಿಗೇ ಮಾತನಾಡಿಕೊಳ್ಳುವವರಂತೆ. ಬಾಯಿಯಿಂದ ಒಂದಕ್ಷರವೂ ಹೊರಡದು. ನಿರ್ಮಾಪಕರು ಇಂತಹ ಜನರಿಗೊಂದು ಭಾಷೆಯನ್ನು ಕೊಡಲು ಇಷ್ಟೊಂದು ಹಿಂಜರಿಯುವುದೇಕೋ ತಿಳಿಯದು.

ಬೇರೆ ವಿಧವಾಗಿ ಮಾಡಲು ಸಾಧ್ಯವೇ ಎಂದರೆ, ಸಾಧ್ಯವೆಂಬುದಕ್ಕೆ ಕೊರಿಯಾದ ಬಾಂಗ್ ಜೂನ್-ಹೋ 2006ರಲ್ಲಿ ತೆಗೆದ ಹಾನ್ ನದಿಯ ದೈತ್ಯನ ಚಿತ್ರವೇ ಪ್ರಮಾಣ. 2000ದಲ್ಲಿ ಸಿಯೋಲ್ ನಗರದ ಅಮೆರಿಕನ್ ಸೈನಿಕ ನೆಲೆಯ ಶವಾಗಾರದಿಂದ ಫಾರ್ಮಾಲ್ಡಿಹೈಡ್ ಎಂಬ ವಿಷದ್ರವ್ಯವನ್ನು ಚರಂಡಿಗೆ ಸುರಿಸಿದ ಪ್ರಕರಣ ನಿಜವಾಗಿ ನಡೆದುದು. ಚಿತ್ರ ಅಲ್ಲಿಂದಲೇ ತೊಡಗುತ್ತದೆ. ನದಿಯ ದಡದಲ್ಲಿ ತಿಂಡಿಯಂಗಡಿ ಇಟ್ಟ ಮುದುಕ, ಅವನ ಮಂದಬುದ್ಧಿಯ ಹಿರಿಯ ಮಗ, ಓದಿಯೂ ಕೆಲಸವಿಲ್ಲದ ಕಿರಿಯ ಮಗ, ಬಿಲ್ಲುಗಾತಿಯಾದ ಮಗಳು, ದೈತ್ಯನು ಎತ್ತಿಕೊಂಡು ಹೋದ ಮೊಮ್ಮಗಳು: ಇವರು ಜಗಳವಾಡುತ್ತಾರೆ, ತೂಕಡಿಸುತ್ತಾರೆ, ಅಳುವಾಗ ಹಾಸ್ಯಾಸ್ಪದರಾಗುತ್ತಾರೆ. ದೊರೆಗಳು ಇಲ್ಲದ ಸಾಂಕ್ರಾಮಿಕವೊಂದನ್ನು ಇದೆಯೆಂದು ಸಾರುವಾಗ, ನಿಜವನ್ನು ಬಲ್ಲ ಈ ಮನೆಯವರ ಮಾತನ್ನು ಯಾರೂ ಕೇಳುವುದಿಲ್ಲ. ನಾವು ಮಾತ್ರ ಕೇಳುತ್ತೇವೆ. ಕೊರಿಯಾದಲ್ಲಿ ಒಂದು ಕೋಟಿಗೂ ಮಿಕ್ಕಿದ ಜನರು ಅದನ್ನು ನೋಡಿದರು. ಹಣ ಬರುವುದಿಲ್ಲವೆಂಬ ನೆಪಕ್ಕೆ ಇದೇ ಉತ್ತರ. ಅಮೆರಿಕಾದಲ್ಲಿಯೂ 2013ರಲ್ಲಿ ಮೆಕ್ಸಿಕೋದವನಾದ ಗಿಯೆರ್ಮೋ ದೆಲ್ ತೋರೋ ತನ್ನ 'ಪೆಸಿಫಿಕ್ ರಿಮ್' ಚಿತ್ರದಲ್ಲಿ ಮಾಕೋ ಮೋರಿ ಎಂಬ ಜಪಾನೀ ಯುವತಿಯ ಬಾಲ್ಯಸ್ಮರಣೆಯನ್ನು ತೋರಿಸಿದನು. ಹಾಳುಬಿದ್ದ ಟೋಕಿಯೋದ ಬೀದಿಯಲ್ಲಿ, ಒಂದು ಕೆಂಪು ಪಾದರಕ್ಷೆಯನ್ನು ಕೈಯಲ್ಲಿ ಹಿಡಿದು ಅಳುತ್ತ ನಡೆಯುವ ಮಗು! ಆ ಇಡೀ ಚಿತ್ರದ ಯಂತ್ರಗಳ ಕಾದಾಟವೆಲ್ಲ ಮರೆತರೂ ಆ ಮಗು ಮರೆಯದು. 2018ರ ಎರಡನೆಯ ಭಾಗದಲ್ಲಿ ಅವಳನ್ನು ಮೊದಲಲ್ಲಿಯೇ ಕೊಂದರು, ಒಬ್ಬ ಗಂಡಸಿಗೆ ಹುರುಪು ಬರಲಿ ಎಂದು.

ಗೋಷ್ಠಿ ಮುಗಿದ ಮೇಲೆ ಮಿತ್ರರು ನಮ್ಮೊಡನೆ ನಡೆದು ಬರುತ್ತ, ಇಂತಹದೊಂದು ಚಿತ್ರದಲ್ಲಿ ನಮ್ಮವನೊಬ್ಬನ ಮುಖ, ಬೆಂಗಳೂರಿನ ಒಂದು ಬೀದಿ ಕಾಣಿಸಿಬಿಟ್ಟರೆ ಎಷ್ಟು ಹೆಮ್ಮೆ ಎಂದರು. ಅವರ ಆಸೆ ನಮಗೂ ಅರ್ಥವಾಗುತ್ತದೆ. ಆದರೆ ಯಾವ ಬೀದಿ, ಎಷ್ಟು ಹೊತ್ತು, ಏನಾಗುವುದಕ್ಕೆ? 2016ರ 'ಕೊಲಾಸಲ್' ಎಂಬ ಚಿತ್ರದಲ್ಲಿ ಅಮೆರಿಕಾದ ಚಿಕ್ಕ ಊರಿನ ಹೆಣ್ಣೊಬ್ಬಳು ಕುಡಿದು ಮಕ್ಕಳ ಆಟದ ಬಯಲಿನಲ್ಲಿ ಅಡ್ಡಾಡಿದರೆ ಸಿಯೋಲಿನಲ್ಲಿ ದೈತ್ಯವೊಂದು ಎದ್ದು ಮನೆಗಳನ್ನು ತುಳಿಯುತ್ತದೆ. ಕಥೆಯೆಲ್ಲ ಅವಳ ಮನಸ್ಸಿನ ಶುದ್ಧಿಯನ್ನು ಕುರಿತದ್ದು. ಸಿಯೋಲಿನವರು ಓಡುತ್ತಾರೆ. ಜಾಣತನದ ಚಿತ್ರವೇ; ನಮಗೆ ಹಿಡಿಸಿತೂ ಹೌದು. ಆದರೂ ಸಿಯೋಲಿನ ಜಾಗದಲ್ಲಿ ನಮ್ಮ ಚಿಕ್ಕಪೇಟೆಯನ್ನಿಟ್ಟು ನೋಡಿದಾಗ ಮಿತ್ರರ ಹೆಮ್ಮೆ ಎಷ್ಟು ಉಳಿಯುತ್ತದೆಂಬುದನ್ನು ಅವರೇ ತಿಳಿಸಲಿ.

ಮುಂದಿನ ಮಾಸದಲ್ಲಿ ಸಂಘದ ಕಟ್ಟಡದಲ್ಲಿ ಇಂತಹ ಚಿತ್ರವೊಂದನ್ನು ತೋರಿಸಿ ಚರ್ಚೆ ನಡೆಸಬೇಕೆಂದು ಕಾರ್ಯಕಾರಿ ಮಂಡಲಿಯವರು ಯೋಚಿಸಿರುವುದಾಗಿ ಕೇಳಿದ್ದೇವೆ. ಅವರಲ್ಲಿ ನಮ್ಮ ಅರಿಕೆ ಇಷ್ಟೆ. ತರಿಸುವುದಾದರೆ 96 ನಿಮಿಷಗಳ ಜಪಾನೀ ಮೂಲವನ್ನೇ ತರಿಸಬೇಕು. 80 ನಿಮಿಷಗಳದು ಸುಲಭವಾಗಿ ಸಿಕ್ಕಿದರೂ ಬೇಡ. ಭಾಷೆ ತಿಳಿಯದವರಿಗೆ ತೊಂದರೆಯೆನ್ನುವುದಾದರೆ, ರೈಲಿನಲ್ಲಿ ಕುಳಿತ ಆ ಹೆಣ್ಣುಮಗಳ ಮಾತು ಬಂದಾಗ ಎದ್ದುನಿಂತು ಅದರ ಅರ್ಥವನ್ನು ಕನ್ನಡದಲ್ಲಿ ಹೇಳಲು ನಾವು ಸಿದ್ಧರಾಗಿದ್ದೇವೆ. ಹಿಂದಿನ ಸಾಲಿನ ಹಿರಿಯರೂ ದಯವಿಟ್ಟು ಬರಬೇಕು. ಮುಂದಿನ ಸಾಲಿನಲ್ಲಿ ಅವರಿಗೊಂದು ಕುರ್ಚಿಯನ್ನು ಕಾದಿರಿಸುತ್ತೇವೆ.